ಹಳೆಯ ಆ್ಯಪ್‌ಗೆ ಹೊಸ ನೆಲೆ ಬೇಕೆ?

2022ರ ಆಗಸ್ಟ್ 25ರಂದು ಹೆರೋಕು ಎಂಬ ಕ್ಲೌಡ್ ಕಂಪನಿ ತನ್ನ ಉಚಿತ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನವೆಂಬರ್ 28ರಿಂದ ಪುಕ್ಕಟೆ ಸರ್ವರ್ ಇಲ್ಲ, ಪುಕ್ಕಟೆ ಡೇಟಾಬೇಸ್ ಇಲ್ಲ. ಕೈಯಲ್ಲಿ ಉಳಿದದ್ದು ಮೂರೇ ತಿಂಗಳು. 2007ರಲ್ಲಿ ಹುಟ್ಟಿ, 2010ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಪಾಲಾದ ಹೆರೋಕು, ಸರ್ವರ್ ನಡೆಸಲು ಬಾರದವರಿಗೂ ವೆಬ್ ಆ್ಯಪ್ ನಡೆಸುವ ದಾರಿ ತೋರಿಸಿದ ಸಂಸ್ಥೆ. ಒಂದು ಸಾಲಿನ ಆದೇಶ ಬರೆದರೆ ಸಾಕು, ನಿಮ್ಮ ಪ್ರೋಗ್ರಾಂ ಜಗತ್ತಿನ ಮುಂದೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಕಾಲೇಜು ಪ್ರಾಜೆಕ್ಟುಗಳು, ಸಣ್ಣ ಸಂಘಗಳ ನೋಂದಣಿ ಪುಟಗಳು, ಯಾರೋ ಹವ್ಯಾಸಕ್ಕೆ ಮಾಡಿದ ನಿಘಂಟುಗಳು, ಅಂಗಡಿಗಳ ಲೆಕ್ಕದ ಆ್ಯಪ್‌ಗಳು ಅಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿದ್ದವು. ಈಗ ಅವುಗಳ ಮಾಲೀಕರೆಲ್ಲರ ಮುಂದೆ ಒಂದೇ ಪ್ರಶ್ನೆ ಬಂದು ನಿಂತಿತು: ದುಡ್ಡು ಕೊಟ್ಟು ಇಲ್ಲೇ ಇರುವುದೋ, ಬೇರೆ ಕಡೆ ಹೋಗುವುದೋ, ಅಥವಾ ಮುಚ್ಚಿಬಿಡುವುದೋ?

ಸಾಫ್ಟ್‌ವೇರ್ ಲೋಕದಲ್ಲಿ ಹೊಸದನ್ನು ಕಟ್ಟುವವರಿಗೆ ಸಿಗುವ ಮನ್ನಣೆ ಹಳೆಯದನ್ನು ಕಾಪಾಡುವವರಿಗೆ ಸಿಗುವುದಿಲ್ಲ. ಆದರೆ ಹತ್ತು ಹದಿನೈದು ವರ್ಷ ಓಡಿದ ಆ್ಯಪ್ ಒಂದನ್ನು ಕೂಲಂಕಷವಾಗಿ ನೋಡಿ, ಅದನ್ನು ಅಲುಗಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನ ಮಟ್ಟಿಗೆ ಈ ವೃತ್ತಿಯ ಅತ್ಯಂತ ಪಕ್ವವಾದ ಕುಶಲತೆ. ಬಲ್ಲವರು ಈ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದನ್ನು, ಪ್ರೋಗ್ರಾಂ ಬರೆಯದವರಿಗೂ ತಿಳಿಯುವ ಹಾಗೆ ಹೇಳುವುದು ಈ ಬರಹದ ಉದ್ದೇಶ.

ಬೇರುಗಳ ಪಟ್ಟಿ

ಒಟ್ಲಿನಲ್ಲಿರುವ ಭತ್ತದ ಸಸಿಯನ್ನು ಯಾರು ಬೇಕಾದರೂ ಕಿತ್ತು ಇನ್ನೊಂದು ಗದ್ದೆಯಲ್ಲಿ ನೆಡಬಹುದು. ಇಪ್ಪತ್ತು ವರ್ಷದ ಹಲಸಿನ ಮರದ ಬೇರು ಎಲ್ಲೆಲ್ಲಿ ಹೋಗಿದೆ ಎಂದು ನೆಟ್ಟವನಿಗೂ ಗೊತ್ತಿರುವುದಿಲ್ಲ. ಹಳೆಯ ಆ್ಯಪ್‌ನ ಸ್ಥಿತಿಯೂ ಇದೇ. ಮೇಲೆ ಕಾಣುವುದು ನಾಲ್ಕು ಪುಟ, ಒಂದು ಲಾಗಿನ್. ಒಳಗೆ ಅದು ಯಾವುದರ ಮೇಲೆಲ್ಲ ನಿಂತಿದೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಅದಕ್ಕೇ ಪಳಗಿದ ಎಂಜಿನಿಯರ್ ಮೊದಲು ಬೆಲೆಪಟ್ಟಿಯನ್ನು ಮುಟ್ಟುವುದಿಲ್ಲ. ಕುಳಿತು ಒಂದು ಪಟ್ಟಿ ಮಾಡುತ್ತಾರೆ. ಸರ್ವರ್‌ನಲ್ಲಿ ಹೊತ್ತುಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳು ಯಾವುವು? ಅವುಗಳಿಗೆ ಕ್ರಾನ್ ಎನ್ನುತ್ತಾರೆ. ರಾತ್ರಿ ಲೆಕ್ಕ ಕೂಡಿಸುವುದು, ಬೆಳಿಗ್ಗೆ ಇಮೇಲ್ ಕಳಿಸುವುದು ಇದರ ಕೆಲಸ. ಬಳಕೆದಾರರು ಏರಿಸಿದ ಫೋಟೊ, ಪಿಡಿಎಫ್‌ಗಳು ಎಲ್ಲಿ ಕೂತಿವೆ? ಎಸ್‌ಎಂಎಸ್ ಯಾರ ಮೂಲಕ ಹೋಗುತ್ತದೆ? ಹಣ ಪಾವತಿಯಾದ ಮೇಲೆ ಬ್ಯಾಂಕಿನ ಕಡೆಯಿಂದ ಬರುವ ಸಂದೇಶ ಯಾವ ವಿಳಾಸಕ್ಕೆ ಬಂದು ಬೀಳುತ್ತದೆ? ಡೊಮೇನ್ ಹೆಸರಿನ ಖಾತೆ ಯಾರ ಹೆಸರಿನಲ್ಲಿದೆ, ಅದರ ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ? ಕೊನೆಯ ಪ್ರಶ್ನೆ ಸಣ್ಣದೆಂದು ಕಂಡೀತು. ಆದರೆ ಆ ಮೊಬೈಲ್ ನಂಬರ್ ಎಂದೋ ಊರು ಬಿಟ್ಟವರದಾಗಿದ್ದರೆ ಉಳಿದ ಯೋಜನೆಯೆಲ್ಲ ಅಲ್ಲೇ ನಿಲ್ಲುತ್ತದೆ.

ಈ ಪಟ್ಟಿಗೆ ಬೇಕಾದ ಸುಳಿವುಗಳು ಬೇರೆ ಬೇರೆ ಕಡೆ ಚದುರಿರುತ್ತವೆ. ಡೊಮೇನ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯಲ್ಲಿ ಒಂದಿಷ್ಟು, ಕ್ಲೌಡ್ ಬಿಲ್ಲಿನ ಸಾಲುಗಳಲ್ಲಿ ಒಂದಿಷ್ಟು, ಸರ್ವರ್ ಬರೆದಿಡುವ ಲಾಗ್‌ಗಳಲ್ಲಿ ಮತ್ತಷ್ಟು. ಬಲ್ಲವರು ಒಂದು ವಾರದ ಲಾಗ್ ನೋಡಿ ತೃಪ್ತರಾಗುವುದಿಲ್ಲ. ತಿಂಗಳ ಕೊನೆಯದನ್ನು ಕೇಳುತ್ತಾರೆ, ಮಾರ್ಚ್ 31ರದನ್ನು ಕೇಳುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ಎಚ್ಚರವಾಗುವ ಒಂದು ಕೆಲಸ ಆ್ಯಪ್‌ನ ಮೂಲೆಯಲ್ಲಿ ಇರಬಹುದೆಂಬ ಅನುಮಾನ ಅವರಿಗೆ ಸದಾ ಇರುತ್ತದೆ. ಆ ಅನುಮಾನ ಅನುಭವದಿಂದ ಬರುವಂಥದು.

ಈ ಹಂತದಲ್ಲೇ ಬಯಲಾಗುವ ಒಂದೆರಡು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಬ್ಯಾಂಕುಗಳು, ಎಸ್‌ಎಂಎಸ್ ಕಂಪನಿಗಳು ಎಷ್ಟೋ ಸಲ ಗೊತ್ತಿರುವ ಐಪಿ ವಿಳಾಸದಿಂದ (ಜಾಲದಲ್ಲಿ ಸರ್ವರ್‌ನ ಗುರುತಿನ ಸಂಖ್ಯೆ) ಬಂದ ಕೋರಿಕೆಯನ್ನು ಮಾತ್ರ ಒಪ್ಪುತ್ತವೆ. ಹೊಸ ಸರ್ವರ್‌ನ ವಿಳಾಸ ಬೇರೆ. ಅದನ್ನು ಅವರ ಪಟ್ಟಿಗೆ ಸೇರಿಸಲು ಪತ್ರ ಬರೆದು ದಿನಗಟ್ಟಲೆ ಕಾಯಬೇಕು. ಹೆರೋಕು ಮಾದರಿಯ ವೇದಿಕೆಗಳಲ್ಲಿ ಮಾಮೂಲಿಯಾಗಿ ಸ್ಥಿರವಾದ ಐಪಿಯೇ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು. ಅಲ್ಲಿನ ಡಿಸ್ಕ್ ಕೂಡ ತಾತ್ಕಾಲಿಕ. ಹೆರೋಕು ತನ್ನ ಪ್ರತಿ ಘಟಕವನ್ನೂ ದಿನಕ್ಕೊಮ್ಮೆಯಾದರೂ ಮರುಚಾಲನೆ ಮಾಡುತ್ತದೆ. ಆಗ ಅದರ ಡಿಸ್ಕಿನಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೊಗಳನ್ನು ತನ್ನದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಹಳೆಯ ಆ್ಯಪ್ ಅಲ್ಲಿಗೆ ಹೋದರೆ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಮರುದಿನ ಫೋಟೊ ಇರುವುದಿಲ್ಲ.

ಇನ್ನೊಂದು, ಹೊತ್ತಿನ ವಿಚಾರ. ಹಳೆಯ ಸರ್ವರ್‌ನ ಗಡಿಯಾರ ಭಾರತೀಯ ಕಾಲಮಾನದಲ್ಲಿತ್ತು, ಹೊಸದು ಜಾಗತಿಕ ಕಾಲಮಾನದಲ್ಲಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6 ಗಂಟೆಗೆ ಹೋಗುತ್ತಿದ್ದ ವರದಿ ಇನ್ನು 11.30ಕ್ಕೆ ಹೋಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಹಾಲಿನ ಡೇರಿಯ ಲೆಕ್ಕದಂಥ ಕಡೆ ಐದೂವರೆ ಗಂಟೆ ತಡವೆಂದರೆ ಆ ದಿನದ ವರದಿ ಇದ್ದೂ ಇಲ್ಲದ ಹಾಗೆ.

ಹೋಗಲು ಕಾರಣವೇನು?

ಪಟ್ಟಿ ಕೈಗೆ ಬಂದ ಮೇಲೆ ಕಾರಣಗಳ ಸರದಿ. ಎಲ್ಲರೂ ಮೊದಲು ಹೇಳುವುದು ಹಣ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಹೊಸ ಕಡೆ ತಿಂಗಳಿಗೆ 3,000 ರೂಪಾಯಿ ಉಳಿಯುತ್ತದೆ, ಸ್ಥಳಾಂತರದ ಕೆಲಸಕ್ಕೆ ಎಂಜಿನಿಯರ್‌ಗಳ ಸಮಯ ಸೇರಿ 1,50,000 ರೂಪಾಯಿ ಆಗುತ್ತದೆ ಎಂದುಕೊಳ್ಳೋಣ. ಹಾಕಿದ್ದು ಮರಳಿ ಬರಲು 50 ತಿಂಗಳು ಬೇಕು. ನಾಲ್ಕು ವರ್ಷಕ್ಕೂ ಮೇಲೆ ಈ ಆ್ಯಪ್ ಬಳಕೆಯಲ್ಲಿರುತ್ತದೆಯೇ? ಇರುತ್ತದೆ ಎಂದು ಧೈರ್ಯವಾಗಿ ಹೇಳಲಾಗದಿದ್ದರೆ ಉಳಿತಾಯದ ಮಾತು ಅಲ್ಲಿಗೆ ಮುಗಿಯಿತು.

ಈ ಲೆಕ್ಕದಲ್ಲಿ ಜನ ಮರೆಯುವ ಒಂದು ಬಾಬ್ತು ಡೇಟಾ ಹೊರಗೆ ಕಳಿಸುವ ಶುಲ್ಕ. ಕ್ಲೌಡ್ ಕಂಪನಿಗಳು ಸಾಮಾನ್ಯವಾಗಿ ಒಳಗೆ ಬರುವ ಡೇಟಾಗೆ ದುಡ್ಡು ಕೇಳುವುದಿಲ್ಲ, ಹೊರಗೆ ಹೋಗುವುದಕ್ಕೆ ಕೇಳುತ್ತವೆ. ಅಮೆಜಾನ್‌ನ ಅಮೆರಿಕದ ಕೇಂದ್ರಗಳಲ್ಲಿ ತಿಂಗಳಿಗೆ 100 ಗಿಗಾಬೈಟ್ ಉಚಿತ, ಆಮೇಲೆ ಗಿಗಾಬೈಟಿಗೆ ಸುಮಾರು 9 ಸೆಂಟ್. ಸಣ್ಣ ಆ್ಯಪ್‌ಗೆ ಇದು ಲೆಕ್ಕಕ್ಕಿಲ್ಲ, ವಿಡಿಯೊ ತುಂಬಿಕೊಂಡಿರುವವರಿಗೆ ಮಾತ್ರ ದೊಡ್ಡ ಮೊತ್ತ. ಗ್ರಾಹಕರನ್ನು ಕಟ್ಟಿಹಾಕುವ ಈ ಪದ್ಧತಿಗೆ ಯುರೋಪ್ ಒಕ್ಕೂಟ ತನ್ನ ಡೇಟಾ ಕಾಯ್ದೆಯಲ್ಲಿ ಕಡಿವಾಣ ಹಾಕಿತು. 2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೊಸಾಫ್ಟ್, ಪೂರ್ತಿ ಬಿಟ್ಟುಹೋಗುವವರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಹೇಳಿದವು. ಅದಕ್ಕೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕೆಂಬುದು ನೆನಪಿರಲಿ.

ಎರಡನೆಯ ಕಾರಣ ಅನಿವಾರ್ಯತೆ. 2016ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಒಡೆತನದ ಪಾರ್ಸ್ ಎಂಬ ಸೇವೆಯನ್ನು ಒಂದು ವರ್ಷದಲ್ಲಿ ಮುಚ್ಚುವುದಾಗಿ ಹೇಳಿತು. ಎಷ್ಟೋ ಮೊಬೈಲ್ ಆ್ಯಪ್‌ಗಳ ಡೇಟಾ, ಲಾಗಿನ್ ಎಲ್ಲ ಅದರ ಮೇಲೆ ನಿಂತಿತ್ತು. ಆದರೆ ಪಾರ್ಸ್ ತಂಡ ಬಿಟ್ಟುಹೋದ ರೀತಿ ಮೆಚ್ಚುವಂಥದು. ತಮ್ಮ ಸರ್ವರ್‌ನ ಬದಲಿ ಆವೃತ್ತಿಯನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. ಮೊದಲು ಡೇಟಾಬೇಸ್ ಒಯ್ಯಿರಿ, ಆಮೇಲೆ ಸರ್ವರ್ ಒಯ್ಯಿರಿ ಎಂದು ಹಂತಹಂತವಾಗಿ ದಾರಿ ತೋರಿಸಿದರು. ಆ ಪಾರ್ಸ್ ಸರ್ವರ್ ಯೋಜನೆ ಮೂಲ ಸೇವೆ ಮುಚ್ಚಿದ ಮೇಲೂ ಮುಂದುವರಿಯಿತು.

ಮೂರನೆಯದು ತಂತ್ರಾಂಶದ ವಯಸ್ಸು. ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯ 5.6ನೇ ಆವೃತ್ತಿಗೆ ಭದ್ರತಾ ತಿದ್ದುಪಡಿ ಬರುವುದು 2018ರ ಡಿಸೆಂಬರ್‌ಗೆ ನಿಂತಿತು. ಇನ್ನೊಂದು ಭಾಷೆಯಾದ ಪೈಥಾನ್ 2ರ ಆಯುಷ್ಯ 2020ರ ಜನವರಿ 1ಕ್ಕೆ ಮುಗಿಯಿತು. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯುಎಲ್ 5.7ರ ಕಾಲ 2023ರ ಅಕ್ಟೋಬರ್‌ನಲ್ಲಿ ತೀರಿತು. 2024ರ ಮಾರ್ಚ್‌ನಿಂದ ಅಮೆಜಾನ್ ತನ್ನಲ್ಲಿ ಆ ಆವೃತ್ತಿ ನಡೆಸುವವರಿಂದ ಹೆಚ್ಚುವರಿ ಶುಲ್ಕ ವಸೂಲಿ ಮಾಡತೊಡಗಿತು. ಇಲ್ಲಿ ಅನುಭವಿಗಳು ಒಂದು ಗೊಂದಲವನ್ನು ಬಿಡಿಸಿಕೊಡುತ್ತಾರೆ. ನಿಮ್ಮ ತೊಂದರೆ ಹಳೆಯ ಪಿಎಚ್‌ಪಿ ಆದರೆ ಕ್ಲೌಡ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೊಸ ಕಂಪನಿ ಹಳೆಯ ಆವೃತ್ತಿಯನ್ನು ಕೊಡದೆಯೂ ಇರಬಹುದು. ಹಳೆಯ ಪಿಎಚ್‌ಪಿ ಆ್ಯಪ್‌ಗಳು ಡೇಟಾಬೇಸ್ ಜತೆ ಮಾತಾಡಲು ಬಳಸುತ್ತಿದ್ದ ಆದೇಶಗಳ ಇಡೀ ಗುಂಪನ್ನು 2015ರ ಪಿಎಚ್‌ಪಿ 7ರಲ್ಲಿ ತೆಗೆದುಹಾಕಲಾಯಿತು. ಅಂಥ ಆ್ಯಪ್ ಹೊಸ ನೆಲದಲ್ಲಿ ಮೊದಲ ಪುಟವನ್ನೂ ತೆರೆಯಲಾರದು.

ನಾಲ್ಕನೆಯದು ಜಾಗ ಮತ್ತು ಕಾನೂನು. 2012ರಲ್ಲಿ ನಮ್ಮವರೊಬ್ಬರು ಅಮೆಜಾನ್‌ನಲ್ಲಿ ಆ್ಯಪ್ ಇಡಬೇಕೆಂದರೆ ಹತ್ತಿರದ ಕೇಂದ್ರವೆಂದರೆ ಸಿಂಗಪುರ. ಮುಂಬೈ ಕೇಂದ್ರ ತೆರೆದದ್ದು 2016ರಲ್ಲಿ. ಅದೇ ವರ್ಷ ಡಿಜಿಟಲ್ ಓಷನ್ ಎಂಬ ಕ್ಲೌಡ್ ಕಂಪನಿ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆಯಿತು. ಪಾವತಿ ವ್ಯವಸ್ಥೆಯ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಆದೇಶಿಸಿತು. ಸರ್ವರ್ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೇಳಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಹತ್ತು ವರ್ಷದ ಹಿಂದೆ ವಿದೇಶದಲ್ಲಿಟ್ಟ ಆ್ಯಪ್‌ಗೆ ಇವುಗಳಲ್ಲಿ ಯಾವುದಾದರೂ ಅನ್ವಯಿಸಿದರೆ, ಸ್ಥಳಾಂತರಕ್ಕೆ ಅದು ಗಟ್ಟಿ ಕಾರಣವಾಗಬಹುದು.

ಇವೆಲ್ಲದರ ಹಿಂದೆ ಇನ್ನೊಂದಿದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ: ಹೊಸದರ ಆಸೆ. ಪಕ್ಕದ ತಂಡ ಹೊಸ ವೇದಿಕೆಗೆ ಹೋಗಿದೆ, ನಾವೂ ಹೋಗಬೇಕು. ತರುಣ ಎಂಜಿನಿಯರ್‌ಗಳಿಗೆ ಕಲಿಯುವ ಹಂಬಲ ಇರುವುದು ಸಹಜ, ಒಳ್ಳೆಯದು. ಆದರೆ ಕಲಿಕೆಗೆ ಪ್ರತ್ಯೇಕ ಪ್ರಯೋಗ ಮಾಡಬಹುದು; ಜನ ನಂಬಿಕೊಂಡಿರುವ ಆ್ಯಪ್ ಅದಕ್ಕೆ ಸಾಮಗ್ರಿಯಾಗಬಾರದು. ಒಳ್ಳೆಯ ಹಿರಿಯರು ಇದನ್ನು ನೋಯಿಸದೆ ಹೇಳಿ ಮುಗಿಸುತ್ತಾರೆ.

ಇರುವುದೂ ಒಂದು ನಿರ್ಧಾರ

ಹೋಗುವುದು, ಬಿಡುವುದು ಎಂದು ಎರಡೇ ದಾರಿ ಇವೆ ಎಂದು ಹೊರಗಿನವರಿಗೆ ಅನಿಸುತ್ತದೆ. ನಿಜವಾಗಿ ದಾರಿಗಳು ಹಲವು. ಇದ್ದ ಹಾಗೇ ಎತ್ತಿ ಹೊಸ ಕಡೆ ಇಡಬಹುದು. ಡೇಟಾಬೇಸನ್ನು ಮಾತ್ರ ಕಂಪನಿ ನೋಡಿಕೊಳ್ಳುವ ಸೇವೆಗೆ ಬದಲಿಸಿ ಉಳಿದದ್ದನ್ನು ಹಾಗೇ ಒಯ್ಯಬಹುದು. ಹೊಸದಾಗಿ ಬರೆಯಬಹುದು. ಅದೇ ಕೆಲಸ ಮಾಡುವ ಸಿದ್ಧ ಸೇವೆಯನ್ನು ಕೊಂಡು ಸ್ವಂತದ್ದನ್ನು ಕೈಬಿಡಬಹುದು. ಇದ್ದಲ್ಲೇ ಇರಿಸಬಹುದು. ಮುಚ್ಚಬಹುದು.

ಕೊನೆಯ ಎರಡನ್ನು ಧೈರ್ಯವಾಗಿ ಸೂಚಿಸುವವರು ಕಡಿಮೆ, ಹಾಗಾಗಿ ಅವರ ಮೇಲೆ ನನಗೆ ಗೌರವ ಹೆಚ್ಚು. ಇದ್ದಲ್ಲೇ ಇರಿಸುವುದೆಂದರೆ ಕೈಕಟ್ಟಿ ಕೂರುವುದಲ್ಲ. ಬ್ಯಾಕಪ್ ಬೇರೆ ಕಂಪನಿಯಲ್ಲೂ ಒಂದು ಪ್ರತಿ ಇರುವಂತೆ ಮಾಡುವುದು, ತಂತ್ರಾಂಶದ ಆವೃತ್ತಿ ಏರಿಸುವುದು, ಬೇರುಗಳ ಪಟ್ಟಿಯನ್ನು ಬರೆದಿಡುವುದು, ಮುಂದಿನ ವರ್ಷ ಮತ್ತೆ ಕೂತು ಇದೇ ಪ್ರಶ್ನೆ ಕೇಳಲು ದಿನ ಗೊತ್ತುಮಾಡುವುದು. ಇಷ್ಟು ಮಾಡಿದ ಮೇಲೆ ಇರುವುದು ಸೋಮಾರಿತನವಾಗುವುದಿಲ್ಲ.

ಬೇರೆ ಕಂಪನಿಯಲ್ಲೂ ಬ್ಯಾಕಪ್ ಏಕೆ ಎಂಬುದಕ್ಕೆ ಎರಡು ಘಟನೆ ಸಾಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಸುಟ್ಟುಹೋಯಿತು. ಬ್ಯಾಕಪ್‌ ಕೂಡ ಅಲ್ಲೇ ಇದ್ದವರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ, ಸಂರಚನೆಯ ತಪ್ಪೊಂದರಿಂದ ಅಳಿಸಿಹೋಯಿತು. ಎರಡು ವಲಯಗಳಲ್ಲಿದ್ದ ಪ್ರತಿಗಳೂ ಒಟ್ಟಿಗೇ ಹೋದವು. ನಿಧಿ ಚೇತರಿಸಿಕೊಂಡದ್ದರಲ್ಲಿ ಇನ್ನೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ಪಿನ ಪಾಲು ದೊಡ್ಡದು.

ಮುಚ್ಚುವುದರಲ್ಲೂ ಕಲೆಯಿದೆ. ಒಂದು ಹಳೆಯ ಕನ್ನಡ ಇ-ಪತ್ರಿಕೆಯನ್ನು ಊಹಿಸಿಕೊಳ್ಳಿ. ಹೊಸ ಲೇಖನ ಬರುವುದು ನಿಂತು ವರ್ಷಗಳಾಗಿವೆ, ಆದರೆ ಹುಡುಕಿ ಓದುವವರು ಇದ್ದಾರೆ. ಅದರ ಹಿಂದೆ ಡೇಟಾಬೇಸ್, ಲಾಗಿನ್, ಸಂಪಾದಕರ ಪುಟ ಯಾವುದೂ ಈಗ ಬೇಕಿಲ್ಲ. ಪ್ರತಿ ಪುಟವನ್ನೂ ಸಿದ್ಧ ಎಚ್‌ಟಿಎಂಎಲ್ ಕಡತವಾಗಿ ಉಳಿಸಿ, ಅದೇ ವಿಳಾಸದಲ್ಲಿ ಅತಿ ಕಡಿಮೆ ಖರ್ಚಿನ ಜಾಗದಲ್ಲಿ ಇಟ್ಟರೆ ಓದುಗನಿಗೆ ವ್ಯತ್ಯಾಸವೇ ತಿಳಿಯದು. ದಾಳಿ ಮಾಡಲು ಪ್ರೋಗ್ರಾಂ ಇಲ್ಲ, ಕೆಡಲು ಡೇಟಾಬೇಸ್ ಇಲ್ಲ. ಕನ್ನಡದ ಮೊದಲ ತಲೆಮಾರಿನ ಎಷ್ಟೋ ಜಾಲತಾಣಗಳು ಬಿಲ್ ಕಟ್ಟುವವರಿಲ್ಲದೆ ಮಾಯವಾದವು. ಯಾರಾದರೂ ಹೀಗೆ ಮಾಡಿದ್ದರೆ ಅವು ಉಳಿಯುತ್ತಿದ್ದವು.

ಅಕ್ಷರಗಳ ಪರೀಕ್ಷೆ

ಹೋಗುವುದೇ ಸರಿ ಎಂದು ತೀರ್ಮಾನವಾದರೆ ತಾಲೀಮು ಶುರು. ಹಳೆಯದನ್ನು ಮುಟ್ಟದೆ, ಬ್ಯಾಕಪ್ಪಿನಿಂದ ಹೊಸ ಕಡೆ ಒಂದು ಪ್ರತಿ ಎಬ್ಬಿಸಿ ನೋಡುವುದು. ಅನೇಕ ಕಡೆ ಬ್ಯಾಕಪ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು ಮೊದಲ ಬಾರಿಗೆ ತಿಳಿಯುವುದೇ ಈ ದಿನ.

ಕನ್ನಡದ ಆ್ಯಪ್‌ಗಳಿಗೆ ಇಲ್ಲೊಂದು ವಿಶೇಷ ಪರೀಕ್ಷೆ ಕಾದಿರುತ್ತದೆ. ಎಷ್ಟೋ ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸ್‌ಗಳ ಕೋಷ್ಟಕಗಳು ಹೇಳಿಕೆಯಲ್ಲಿ ಲ್ಯಾಟಿನ್ ಲಿಪಿಯವು. ಆ್ಯಪ್ ಅವುಗಳಲ್ಲಿ ಯುನಿಕೋಡ್ ಕನ್ನಡವನ್ನು ತುಂಬಿರುತ್ತದೆ. ಯುನಿಕೋಡನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಡೇಟಾಬೇಸ್ ಆ ಮೂರು ಬೈಟ್‌ಗಳನ್ನು ಮೂರು ಯುರೋಪಿಯನ್ ಅಕ್ಷರ ಎಂದು ತಿಳಿದಿರುತ್ತದೆ. ಬರೆಯುವಾಗ ಆದ ತಪ್ಪೇ ಓದುವಾಗಲೂ ಆಗುವುದರಿಂದ ಪುಟದಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ. 2018ರ ಮೈಎಸ್‌ಕ್ಯುಎಲ್ 8 ಮೊದಲಿನಿಂದಲೇ ಯುನಿಕೋಡ್ ಎಂದುಕೊಳ್ಳುತ್ತದೆ. ಹಳೆಯ ಡೇಟಾವನ್ನು ಅಲ್ಲಿಗೆ ನೇರವಾಗಿ ಸುರಿದರೆ ಒಂದು ‘ಕ’ ಇದ್ದಲ್ಲಿ ಮೂರು ಅರ್ಥವಿಲ್ಲದ ಅಕ್ಷರಗಳು ಎದ್ದು ನಿಲ್ಲುತ್ತವೆ. ಇದಕ್ಕೆ ಮದ್ದಿದೆ. ಅಂಕಣವನ್ನು ಮೊದಲು ಬರೀ ಬೈಟ್‌ಗಳ ರೂಪಕ್ಕೆ ತಂದು, ಲಿಪಿಯ ಹೆಸರು ಮರೆಸಿ, ಆಮೇಲೆ ಯುನಿಕೋಡ್ ಎಂದು ಘೋಷಿಸಬೇಕು.

ಇಲ್ಲಿ ಇನ್ನೂ ಒಂದು ಸೂಕ್ಷ್ಮ. ಹೆಸರಿನ ಅಂಕಣಕ್ಕೆ 30ರ ಮಿತಿ ಇಟ್ಟಿದ್ದರೆ, ಲ್ಯಾಟಿನ್ ಕೋಷ್ಟಕದಲ್ಲಿ ಅದು 30 ಬೈಟ್. ‘ಕೃಷ್ಣಮೂರ್ತಿ’ ಎಂಬ ಹೆಸರಿನಲ್ಲಿ ಗುಣಿತ, ಒತ್ತು ಎಲ್ಲ ಸೇರಿ 11 ಸಂಕೇತ, ಅಂದರೆ 33 ಬೈಟ್. ಹಳೆಯ ಮೈಎಸ್‌ಕ್ಯುಎಲ್ ಹೆಚ್ಚಾದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು, ಹಾಗಾಗಿ ಉಳಿದದ್ದು ‘ಕೃಷ್ಣಮೂರ್ತ’. ಇದು ಸ್ಥಳಾಂತರದಿಂದ ಬಂದ ದೋಷವಲ್ಲ, ಹತ್ತು ವರ್ಷದಿಂದ ಇದ್ದದ್ದು. ಆದರೆ ಎಲ್ಲ ಸಾಲುಗಳನ್ನೂ ಕಣ್ಣಿಟ್ಟು ನೋಡುವ ಸಂದರ್ಭ ಬಂದದ್ದು ಈಗ. ಒಳ್ಳೆಯ ಎಂಜಿನಿಯರ್ ಅಂಥ ಹೆಸರುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ಸಂಸ್ಥೆಯವರ ಕೈಗೆ ಕೊಡುತ್ತಾರೆ. ಇವು ಯಾರದೋ ಹೆಸರು, ಅವನ್ನು ಸರಿಪಡಿಸಬೇಕಾದದ್ದು ಅವರನ್ನು ಬಲ್ಲವರು ಎಂಬ ತಿಳಿವಳಿಕೆ ಅದರಲ್ಲಿದೆ.

ಇನ್ನೂ ಹಳೆಯದಾದರೆ ನುಡಿ, ಬರಹ ಫಾಂಟ್‌ಗಳ ಸಂಕೇತದಲ್ಲೇ ಪಠ್ಯ ಉಳಿದಿರಬಹುದು. ಹೇಗೂ ಹೋಗುತ್ತಿದ್ದೇವಲ್ಲ, ಒಟ್ಟಿಗೇ ಯುನಿಕೋಡ್‌ಗೂ ತಂದುಬಿಡೋಣ ಎಂಬ ಆಸೆ ಹುಟ್ಟುತ್ತದೆ. ಅನುಭವಿಗಳು ತಡೆಯುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಈ ಕಸುಬಿನ ಮೊದಲ ನಿಯಮ. ಎರಡನ್ನು ಒಟ್ಟಿಗೆ ಮಾಡಿ ಏನಾದರೂ ಕೆಟ್ಟರೆ, ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಬೇರೆ ಬಗೆಯ ಗುಂಡಿಗಳಿವೆ. 2018ರಲ್ಲಿ ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಮೂಲ ತಂತ್ರಾಂಶ ಸಂಗ್ರಹವಾದ ಜಿಲಿಬ್‌ಸಿಯ 2.28ನೇ ಆವೃತ್ತಿ ಅಕ್ಷರಗಳನ್ನು ಅನುಕ್ರಮವಾಗಿ ಜೋಡಿಸುವ ನಿಯಮಗಳನ್ನು ಬದಲಿಸಿತು. ಡೇಟಾಬೇಸ್ ತನ್ನ ಸೂಚಿಯನ್ನು ಹಳೆಯ ಅನುಕ್ರಮದಲ್ಲಿ ಕಟ್ಟಿಕೊಂಡಿರುತ್ತದೆ. ಕಡತಗಳನ್ನು ಹಾಗೇ ನಕಲು ಮಾಡಿ ಹೊಸ ಲಿನಕ್ಸ್ ಮೇಲೆ ಇಟ್ಟರೆ, ಇರುವ ದಾಖಲೆಯನ್ನೇ ಇಲ್ಲ ಎಂದು ಹೇಳುವ ಸಂಭವವಿದೆ. ಸೂಚಿಯನ್ನು ಮತ್ತೆ ಕಟ್ಟಿಸಿದರೆ ಸರಿಹೋಗುತ್ತದೆ. ಹಾಗೆಯೇ, ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಬದಲಾವಣೆಗಳನ್ನು ಹರಿಯಬಿಡುವ ಸೌಲಭ್ಯ 2017ರಿಂದ ಪೋಸ್ಟ್‌ಗ್ರೆಸ್‌ನಲ್ಲೇ ಅಡಕವಾಗಿದೆ. ಸಾಲುಗಳು ಹರಿದುಬರುತ್ತವೆ, ಮುಂದಿನ ಕ್ರಮಸಂಖ್ಯೆ ಯಾವುದೆಂಬ ಎಣಿಕೆ ಮಾತ್ರ ಬರುವುದಿಲ್ಲ. ಅದನ್ನು ಕೈಯಾರೆ ಹೊಂದಿಸದಿದ್ದರೆ, ಹೊಸ ಕಡೆಯ ಮೊದಲ ಅರ್ಜಿಯೇ ಹಳೆಯ ಅರ್ಜಿಯ ಸಂಖ್ಯೆಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ.

ದೂರದ ಲೆಕ್ಕವನ್ನೂ ತಾಲೀಮಿನಲ್ಲಿ ಅಳೆಯಬೇಕು. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಸಂಕೇತ ಹೋಗಿಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಆ್ಯಪನ್ನು ಮಾತ್ರ ಇಲ್ಲಿಗೆ ತಂದು ಡೇಟಾಬೇಸನ್ನು ಅಲ್ಲೇ ಬಿಟ್ಟರೆ, ಒಂದು ಪುಟಕ್ಕೆ 30 ಪ್ರಶ್ನೆ ಕೇಳುವ ಆ್ಯಪ್ ಪುಟವೊಂದಕ್ಕೆ 6 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕೇ ಇವೆರಡೂ ಜೊತೆಯಾಗಿ ಹೋಗಬೇಕು.

ಬದಲಾಯಿಸುವ ರಾತ್ರಿ

ತಾಲೀಮು ಚೆನ್ನಾಗಿ ಆಗಿದ್ದರೆ ಕೊನೆಯ ರಾತ್ರಿಯಲ್ಲಿ ಹೇಳುವಂಥದು ಏನೂ ಇರುವುದಿಲ್ಲ. ಡೊಮೇನ್ ಹೆಸರು ಯಾವ ಐಪಿಗೆ ಎಂಬ ಉತ್ತರವನ್ನು ಜಗತ್ತಿನ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬುದಕ್ಕೆ ಟಿಟಿಎಲ್ ಎನ್ನುತ್ತಾರೆ. ಅದು 86,400 ಸೆಕೆಂಡ್, ಅಂದರೆ ಒಂದು ದಿನ ಇದ್ದರೆ, ಒಂದೆರಡು ದಿನ ಮೊದಲೇ 300ಕ್ಕೆ ಇಳಿಸುತ್ತಾರೆ. ಹೊತ್ತು ಬಂದಾಗ ಹಳೆಯ ಆ್ಯಪನ್ನು ಓದಲು ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸುತ್ತಾರೆ, ಕೊನೆಯ ಡೇಟಾ ಒಯ್ಯುತ್ತಾರೆ, ಸಾಲುಗಳನ್ನು ಎಣಿಸಿ ತಾಳೆ ನೋಡುತ್ತಾರೆ, ವಿಳಾಸ ಬದಲಿಸುತ್ತಾರೆ.

ಹಿಂದಿರುಗುವ ದಾರಿ ಎಲ್ಲಿಯವರೆಗೆ ತೆರೆದಿರುತ್ತದೆ ಎಂಬುದನ್ನು ಅವರು ಮೊದಲೇ ಬರೆದಿಟ್ಟಿರುತ್ತಾರೆ. ಹೊಸ ಡೇಟಾಬೇಸಿಗೆ ಜನರ ಬರವಣಿಗೆ ಶುರುವಾದ ಮೇಲೆ ಹಳೆಯದಕ್ಕೆ ಮರಳಿದರೆ ನಡುವೆ ಬಂದದ್ದು ನಷ್ಟವಾಗುತ್ತದೆ. ಆ ಗೆರೆ ದಾಟುವ ಮುನ್ನ ಒಬ್ಬರು ‘ಆಗಬಹುದು’ ಎಂದು ಹೇಳಬೇಕು. ಅದು ಯಾರೆಂದು ಎಲ್ಲರಿಗೂ ಗೊತ್ತಿರಬೇಕು. ಸಣ್ಣ ಆ್ಯಪ್‌ಗಳಲ್ಲಿ ಒಂದು ಕ್ಷಣವೂ ನಿಲ್ಲಿಸದೆ ಬದಲಿಸುವ ಸಾಹಸವನ್ನು ಬಲ್ಲವರು ಮಾಡುವುದಿಲ್ಲ. ರಾತ್ರಿ ಎರಡರಿಂದ ಮೂರರವರೆಗೆ ಸೇವೆ ಇರುವುದಿಲ್ಲ ಎಂದು ಮೂರು ದಿನ ಮೊದಲೇ ತಿಳಿಸುವುದು ಸುರಕ್ಷಿತ, ಬಳಸುವವರಿಗೂ ಗೌರವ ಕೊಟ್ಟಂತೆ.

ದೊಡ್ಡವರೂ ಹೀಗೇ ನಡೆದುಕೊಂಡಿದ್ದಾರೆ. ಪ್ರೋಗ್ರಾಂಗಳ ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್ 2018ರಲ್ಲಿ ಮೈಕ್ರೊಸಾಫ್ಟ್ ಕ್ಲೌಡಿನಿಂದ ಗೂಗಲ್ ಕ್ಲೌಡಿಗೆ ಹೋಯಿತು. ಮೊದಲು ಜುಲೈ 28 ಎಂದು ದಿನ ಗೊತ್ತುಮಾಡಿ, ತಯಾರಿ ಸಾಲದೆಂದು ಆಗಸ್ಟ್ 11ಕ್ಕೆ ಮುಂದೂಡಿದರು. ಸಾರ್ವಜನಿಕವಾಗಿ ಹೇಳಿದ ದಿನಾಂಕವನ್ನು ಹಿಂತೆಗೆದುಕೊಳ್ಳುವ ಆ ಎದೆಗಾರಿಕೆ ಯಾವ ಉಪಕರಣದಿಂದಲೂ ಬರುವುದಿಲ್ಲ.

ದೊಡ್ಡವರ ದಾರಿ, ನಮ್ಮ ಅಳತೆ

ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ದೊಡ್ಡ ಕಂಪನಿಗಳ ಹೆಸರು ತೆಗೆಯುತ್ತಾರೆ. 2008ರಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಹೋದ ನೆಟ್‌ಫ್ಲಿಕ್ಸ್, ಕ್ಲೌಡಿಗೆ ಹೋಗಲು ತೀರ್ಮಾನಿಸಿತು. ಪೂರ್ತಿ ಮುಗಿದದ್ದು 2016ರ ಜನವರಿಯಲ್ಲಿ. ಇದ್ದದ್ದನ್ನು ಹಾಗೇ ಎತ್ತಿ ಇಡದೆ ಹೊಸದಾಗಿ ಕಟ್ಟಿಕೊಂಡರು, ಅದಕ್ಕೆ ಏಳು ವರ್ಷ ಹಿಡಿಯಿತು. ಜನರ ಕಡತಗಳನ್ನು ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸ್ ಇದರ ಉಲ್ಟಾ ದಾರಿ ಹಿಡಿದು ಬಳಕೆದಾರರ ಬಹುಪಾಲು ಕಡತಗಳನ್ನು ಅಮೆಜಾನ್‌ನಿಂದ ಸ್ವಂತ ಯಂತ್ರಗಳಿಗೆ ತಂದಿತು. ಎರಡು ವರ್ಷದಲ್ಲಿ 7.46 ಕೋಟಿ ಡಾಲರ್ ಉಳಿಯಿತೆಂದು 2018ರ ಷೇರು ದಾಖಲೆಯಲ್ಲಿ ತೋರಿಸಿತು.

ನನಗೆ ಹೆಚ್ಚು ಹತ್ತಿರವೆನಿಸುವುದು 37ಸಿಗ್ನಲ್ಸ್ ಕಂಪನಿಯ ಕಥೆ. 2022ರಲ್ಲಿ ಅವರ ಕ್ಲೌಡ್ ಬಿಲ್ 32 ಲಕ್ಷ ಡಾಲರ್. ಕ್ಲೌಡ್ ಬಿಡುವುದಾಗಿ ಆ ವರ್ಷದ ಅಕ್ಟೋಬರ್‌ನಲ್ಲಿ ಹೇಳಿ, ಮರುವರ್ಷ ಜೂನ್ ಹೊತ್ತಿಗೆ ಆ್ಯಪ್‌ಗಳನ್ನೆಲ್ಲ ಸ್ವಂತ ಸರ್ವರ್‌ಗಳಿಗೆ ತಂದರು. ಹೊಸ ಗ್ರಾಹಕರಿಗೆ ಎಂದೋ ಬಾಗಿಲು ಮುಚ್ಚಿದ ಹಳೆಯ ಸೇವೆಗಳೂ ಅದರಲ್ಲಿದ್ದವು. ಇಂಟರ್ನೆಟ್ ಇರುವವರೆಗೂ ನಿಮ್ಮ ಆ್ಯಪ್ ನಡೆಸುತ್ತೇವೆ ಎಂದು ಹಳೆಯ ಗ್ರಾಹಕರಿಗೆ ಅವರು ಮಾತು ಕೊಟ್ಟಿದ್ದರು. ಅದಕ್ಕಾಗಿ ಆ ಸೇವೆಗಳನ್ನು ಬಿಸಾಡದೆ ಜೊತೆಯಲ್ಲಿ ಹೊತ್ತು ತಂದರು. ಕಡಿಮೆ ಜನ ಬಳಸುವ ಹಳೆಯವನ್ನು ಮೊದಲು ಸಾಗಿಸಿ ಕೈ ಪಳಗಿಸಿಕೊಂಡು, ದೊಡ್ಡದಾದ ಹೇ ಇಮೇಲ್ ಸೇವೆಯನ್ನು ಕೊನೆಗಿಟ್ಟುಕೊಂಡ ಕ್ರಮವೂ ಕಲಿಯುವಂಥದು.

ಈ ಮೂವರಿಗೂ ಸ್ವಂತ ನುರಿತ ತಂಡವಿತ್ತು, ಉಳಿತಾಯ ಕಣ್ಣಿಗೆ ಕಾಣುವಷ್ಟು ದೊಡ್ಡ ಬಿಲ್ ಇತ್ತು. ಒಬ್ಬ ಎಂಜಿನಿಯರ್ ಅರ್ಧ ದಿನ ನೋಡಿಕೊಳ್ಳುವ ಆ್ಯಪ್‌ಗೆ ಅವರ ಉತ್ತರ ಹೊಂದುವುದಿಲ್ಲ, ಅವರು ಕೇಳಿಕೊಂಡ ಪ್ರಶ್ನೆಗಳು ಹೊಂದುತ್ತವೆ. ನನ್ನ ತೀರ್ಮಾನ ಇಷ್ಟು: ಕಾನೂನು, ಭದ್ರತೆ, ಮುಚ್ಚುವ ನೋಟಿಸು ಇವುಗಳಲ್ಲಿ ಒಂದಿದ್ದರೆ ಹೊರಡಿ. ಹಣವೊಂದೇ ಕಾರಣವಾದರೆ ಎರಡು ವರ್ಷದೊಳಗೆ ಹಾಕಿದ್ದು ಮರಳಿ ಬರುವ ಲೆಕ್ಕ ಕೈಯಲ್ಲಿದ್ದಾಗ ಹೊರಡಿ. ಹೊಸದೆಂಬ ಕಾರಣಕ್ಕೆ ಹೊರಡಬೇಡಿ.

ನಿಮ್ಮ ಸಂಘದ್ದೋ ಶಾಲೆಯದ್ದೋ ಅಂಗಡಿಯದ್ದೋ ಹಳೆಯ ಆ್ಯಪ್ ಒಂದು ಎಲ್ಲೋ ಓಡುತ್ತಿದ್ದರೆ, ನೋಟಿಸು ಬರುವವರೆಗೆ ಕಾಯಬೇಡಿ. ಈ ವಾರ ಎರಡು ಕೆಲಸ ಮಾಡಿ. ಡೊಮೇನ್, ಕ್ಲೌಡ್, ಎಸ್‌ಎಂಎಸ್, ಪಾವತಿ ಖಾತೆಗಳು ಯಾರ ಹೆಸರಿನಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬ್ಯಾಕಪ್ಪಿನಿಂದ ಆ್ಯಪನ್ನು ಬೇರೊಂದು ಯಂತ್ರದಲ್ಲಿ ಒಮ್ಮೆ ಎಬ್ಬಿಸಿ, ಅದರಲ್ಲಿ ನಿಮ್ಮದೇ ಹೆಸರು ಕನ್ನಡದಲ್ಲಿ ಸರಿಯಾಗಿ ಬರುತ್ತದೆಯೇ ನೋಡಿ. ಇವೆರಡೂ ಆಗಿದ್ದರೆ ಹೋಗುವ ನಿರ್ಧಾರವನ್ನೂ ಇರುವ ನಿರ್ಧಾರವನ್ನೂ ನೀವು ನೆಮ್ಮದಿಯಿಂದ ಮಾಡಬಹುದು.